ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಆಲ್ಬಮ್‌ಗಳು: ವರ್ಷಗಟ್ಟಲೆ ಕೇಳಿದ ಮೇಲೆ ಉಳಿದವು, ಸವೆದವು

ಹೊಸ ಆಲ್ಬಮ್ ಬಂದ ವಾರದಲ್ಲೇ ಬರುವ ವಿಮರ್ಶೆಗಳನ್ನು ನಾನು ಹೆಚ್ಚು ನಂಬುವುದಿಲ್ಲ. ಮೊದಲ ವಾರ ಎಲ್ಲವೂ ಚೆನ್ನಾಗೇ ಕೇಳಿಸುತ್ತದೆ. ಹತ್ತು ವರ್ಷ ಕಳೆದ ಮೇಲೂ ಅದನ್ನು ಹಾಕಿ ಕೂರಬೇಕು ಅನ್ನಿಸುತ್ತದಾ, ಅದು ಮುಖ್ಯ. ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನನ್ನು ನಾನು ಕ್ಯಾಸೆಟ್ ಕಾಲದಿಂದ ಕೇಳುತ್ತಿದ್ದೇನೆ. ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಫೋನ್ ಬಂತು, ಇವನು ಮಾತ್ರ ಜೊತೆಗೇ ಉಳಿದ. ಇಷ್ಟು ಕಾಲ ಕೇಳಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಗಿದೆ: ಹಾಡಿನೊಳಗೆ ಜಾಗ ಬಿಟ್ಟ ಆಲ್ಬಮ್‌ಗಳು ಉಳಿದಿವೆ, ಸದ್ದು ತುಂಬಿದ ಆಲ್ಬಮ್‌ಗಳು ಸವೆದಿವೆ.

ಈ ಮಾತಿಗೆ ಒಂದು ದೊಡ್ಡ ಅಪವಾದ ಇದೆ. 1975ರ 'ಬಾರ್ನ್ ಟು ರನ್'. ಇದರಲ್ಲಿ ಸದ್ದು ತುಂಬಿ ತುಳುಕುತ್ತದೆ. ಪಿಯಾನೋ, ಆರ್ಗನ್, ಗಂಟೆ, ಒಂದರ ಮೇಲೊಂದು ಪೇರಿಸಿದ ಗಿಟಾರ್‌ಗಳು, ಎಲ್ಲದರ ಮೇಲೆ ಅವನ 'ಇ ಸ್ಟ್ರೀಟ್ ಬ್ಯಾಂಡ್'ನ ಕ್ಲಾರೆನ್ಸ್ ಕ್ಲೆಮನ್ಸ್ ಸ್ಯಾಕ್ಸೋಫೋನ್. ಆ ಹೆಸರಿನ ಒಂದು ಹಾಡಿಗೇ ಆರು ತಿಂಗಳು ಹಿಡಿಯಿತು. ಆದರೂ ಅದು ಸವೆದಿಲ್ಲ. ಯಾಕೆ ಅಂದರೆ, ಅಲ್ಲಿ ಪ್ರತಿ ಪದರಕ್ಕೂ ಒಂದು ಕೆಲಸ ಇದೆ. 'ಜಂಗಲ್‌ಲ್ಯಾಂಡ್' ಹಾಡಿನ ನಡುವೆ ಬರುವ ಸ್ಯಾಕ್ಸೋಫೋನ್ ಭಾಗವನ್ನೇ ತಗೊಳ್ಳಿ. ಒಂದೊಂದು ಸ್ವರ ಹೇಗೆ ಬರಬೇಕು ಅಂತ ಸ್ಪ್ರಿಂಗ್‌ಸ್ಟೀನ್, ಕ್ಲೆಮನ್ಸ್ ಇಬ್ಬರೂ ಗಂಟೆಗಟ್ಟಲೆ ಕೂತು ತಿದ್ದಿದ ಭಾಗ ಅದು. ಅದು ಮುಗಿಯುತ್ತಿದ್ದ ಹಾಗೆ ಎಲ್ಲ ವಾದ್ಯಗಳೂ ಹಿಂದೆ ಸರಿಯುತ್ತವೆ, ಪಿಯಾನೋ ಮತ್ತು ದನಿ ಮಾತ್ರ ಉಳಿಯುತ್ತವೆ. ಅಂದರೆ ಅಷ್ಟು ತುಂಬಿಸಿದ್ದು ಆಮೇಲೆ ಖಾಲಿ ಮಾಡುವುದಕ್ಕೆ. ಎಂಟು ಹಾಡು, ನಲವತ್ತು ನಿಮಿಷವೂ ಇಲ್ಲ. ಅದು ಬಂದ ವರ್ಷದ ಅಕ್ಟೋಬರ್‌ನಲ್ಲಿ 'ಟೈಮ್' ಮತ್ತು 'ನ್ಯೂಸ್‌ವೀಕ್' ಎರಡೂ ಪತ್ರಿಕೆಗಳು ಒಂದೇ ವಾರ ಇವನನ್ನು ಮುಖಪುಟದಲ್ಲಿ ಹಾಕಿದವು. ವಯಸ್ಸು ಆಗ ಇಪ್ಪತ್ತಾರು.

ಅದಕ್ಕೂ ಮೊದಲಿನ ಎರಡು ಆಲ್ಬಮ್ 1973ರವು. ಮಾತು ಜಾಸ್ತಿ, ಉತ್ಸಾಹ ಇನ್ನೂ ಜಾಸ್ತಿ. ಎರಡನೆಯದನ್ನು ನಾನು ಈಗಲೂ ಕೇಳುತ್ತೇನೆ, ಮೊದಲನೆಯದು ಅಪರೂಪ.

1978ರ 'ಡಾರ್ಕ್‌ನೆಸ್ ಆನ್ ದಿ ಎಡ್ಜ್ ಆಫ್ ಟೌನ್' ಹೊತ್ತಿಗೆ ಎಲ್ಲವೂ ಬದಲಾಗಿದೆ. ನಡುವೆ ಮ್ಯಾನೇಜರ್ ಜೊತೆ ಕೋರ್ಟ್ ವ್ಯಾಜ್ಯ, ಅದು ಮುಗಿಯುವ ತನಕ ಸ್ಟುಡಿಯೋಗೆ ಕಾಲಿಡುವ ಹಾಗಿರಲಿಲ್ಲ. ಹೊರಬಂದ ಆಲ್ಬಮ್ ಬಿಗಿಯಾಗಿದೆ, ಒಣಗಿದೆ. ಹಿಂದಿನ ಆಲ್ಬಮ್‌ನಲ್ಲಿ ಕಾರು ಹತ್ತಿ ಊರು ಬಿಟ್ಟು ಹೋಗ್ತೀನಿ ಅಂದ ಹುಡುಗ ಇಲ್ಲಿ ಎಲ್ಲಿಗೂ ಹೋಗಿಲ್ಲ. ಬೆಳಿಗ್ಗೆ ಫ್ಯಾಕ್ಟರಿಗೆ ಹೋಗುತ್ತಾನೆ, ಸಂಜೆ ಸುಸ್ತಾಗಿ ಬರುತ್ತಾನೆ. ಸ್ಪ್ರಿಂಗ್‌ಸ್ಟೀನ್ ಬೆಳೆದದ್ದು ನ್ಯೂಜೆರ್ಸಿಯ ಫ್ರೀಹೋಲ್ಡ್‌ನಲ್ಲಿ. ಅಪ್ಪ ಒಂದು ಕೆಲಸದಿಂದ ಇನ್ನೊಂದಕ್ಕೆ ಅಲೆಯುತ್ತಾ ದುಡಿದವನು. ಆ ಮನೆಯ ಮೌನ ಈ ಹಾಡುಗಳಲ್ಲಿದೆ. 'ರೇಸಿಂಗ್ ಇನ್ ದಿ ಸ್ಟ್ರೀಟ್' ಕೊನೆಯಲ್ಲಿ ದನಿ ನಿಂತ ಮೇಲೆ ಬ್ಯಾಂಡಿನ ರಾಯ್ ಬಿಟನ್ ಪಿಯಾನೋ ಮತ್ತು ಡ್ಯಾನಿ ಫೆಡರೀಚಿ ಆರ್ಗನ್ ಬಹಳ ಹೊತ್ತು ನುಡಿಯುತ್ತವೆ. ಯಾರೂ ಅವಸರ ಮಾಡುವುದಿಲ್ಲ. ಇಷ್ಟು ವರ್ಷದಲ್ಲಿ ನಾನು ಆ ಭಾಗವನ್ನು ಒಮ್ಮೆಯೂ ಮುಂದಕ್ಕೆ ಓಡಿಸಿಲ್ಲ. ಯಾವುದಾದರೂ ಒಂದೇ ಆಲ್ಬಮ್ ಕೊಡು ಅಂದರೆ ನಾನು ಕೊಡುವುದು ಇದನ್ನೇ.

1980ರ 'ದಿ ರಿವರ್' ಎರಡು ಡಿಸ್ಕ್, 20 ಹಾಡು. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅವನಿಗೆ ಮೊದಲ ಸಲ ಒಂದನೇ ಸ್ಥಾನ ತಂದ ಆಲ್ಬಮ್. ಕುಣಿಯುವ ಹಾಡುಗಳಲ್ಲಿ ಅರ್ಧ ನನಗೆ ಈಗ ಬೇಡ. ಆದರೆ ಆಲ್ಬಮ್‌ನ ಹೆಸರಿನ ಹಾಡು, 'ಸ್ಟೋಲನ್ ಕಾರ್', ಕೊನೆಯ 'ರೆಕ್ ಆನ್ ದಿ ಹೈವೇ', ಈ ಮೂರಕ್ಕಾಗಿ ಉಳಿದದ್ದನ್ನೆಲ್ಲಾ ಸಹಿಸಬಹುದು. ಹೆಸರಿನ ಹಾಡು ಅವನ ತಂಗಿ ಮತ್ತು ಭಾವನ ಕಥೆ. ಚಿಕ್ಕ ವಯಸ್ಸಿಗೆ ಮದುವೆ, ಆಮೇಲೆ ಕೆಲಸ ಇಲ್ಲ.

ಈಗ 'ನೆಬ್ರಾಸ್ಕಾ'. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯಲೇಬೇಕು.

1982ರ ಜನವರಿ. ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್‌ನಲ್ಲಿ ಬಾಡಿಗೆ ಮನೆ, ಮಲಗುವ ಕೋಣೆ. ಟಿಯಾಕ್ ಕಂಪನಿಯ ನಾಲ್ಕು ಟ್ರ್ಯಾಕ್‌ನ ಕ್ಯಾಸೆಟ್ ಯಂತ್ರ, ಎರಡು ಮೈಕ್. ಬ್ಯಾಂಡ್‌ಗೆ ಕಲಿಸುವುದಕ್ಕೆ ಅಂತ ಸುಮ್ನೆ ಹಾಡಿಟ್ಟುಕೊಂಡದ್ದು. ಆ ಕ್ಯಾಸೆಟ್ಟನ್ನು ಡಬ್ಬಿ ಕೂಡ ಇಲ್ಲದೆ ಜೇಬಿನಲ್ಲಿ ಹಾಕಿಕೊಂಡು ಓಡಾಡುತ್ತಿದ್ದ. ಆಮೇಲೆ ಸ್ಟುಡಿಯೋದಲ್ಲಿ ಬ್ಯಾಂಡ್ ಜೊತೆ ಅದೇ ಹಾಡುಗಳನ್ನು ಮಾಡಿ ನೋಡಿದರು. ಸರಿ ಬರಲಿಲ್ಲ. ಕೊನೆಗೆ ಆ ಕ್ಯಾಸೆಟ್ಟೇ ಆಲ್ಬಮ್ ಆಯಿತು. ಅದನ್ನು ಡಿಸ್ಕಿಗೆ ಇಳಿಸುವಷ್ಟರಲ್ಲಿ ಎಂಜಿನಿಯರ್‌ಗಳಿಗೆ ಸಾಕುಸಾಕಾಗಿತ್ತು.

ಇದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲು ಕೇಳಿಸುವುದು ಟೇಪಿನ ಸಣ್ಣ ಸುಯ್. ಗಿಟಾರ್ ಒಂದು ಕಡೆ, ಮೌತ್ ಆರ್ಗನ್ ಎಲ್ಲೋ ದೂರದಲ್ಲಿ. 'ಸ್ಟೇಟ್ ಟ್ರೂಪರ್' ಹಾಡಿನಲ್ಲಿ ಗಿಟಾರಿನ ಒಂದೇ ಬಡಿತ ಮೊದಲಿಂದ ಕೊನೆವರೆಗೂ ಬದಲಾಗುವುದಿಲ್ಲ. ದನಿ ತಗ್ಗಿನಲ್ಲೇ ಇರುತ್ತದೆ. ಕೊನೆಗೆ ಇದ್ದಕ್ಕಿದ್ದ ಹಾಗೆ ಒಂದು ಕಿರುಚಾಟ. ಅದು ಬರುತ್ತದೆ ಅಂತ ಗೊತ್ತಿದ್ದೂ ನಾನು ಇವತ್ತಿಗೂ ಬೆಚ್ಚುತ್ತೇನೆ. 'ಹೈವೇ ಪೆಟ್ರೋಲ್‌ಮನ್' ಹಾಡಿನಲ್ಲಿ ಅಣ್ಣ ಪೊಲೀಸು, ತಮ್ಮ ಪುಂಡ. ತಮ್ಮ ಹೊಡೆದಾಟ ಮಾಡಿ ಕಾರಿನಲ್ಲಿ ತಪ್ಪಿಸಿಕೊಂಡು ಓಡುತ್ತಾನೆ. ಅಣ್ಣ ಬೆನ್ನಟ್ಟುತ್ತಾನೆ, ಕೆನಡಾ ಗಡಿ ಹತ್ತಿರ ಬಂದಾಗ ಗಾಡಿ ಪಕ್ಕಕ್ಕೆ ನಿಲ್ಲಿಸಿ ಅವನನ್ನು ಹೋಗಲು ಬಿಡುತ್ತಾನೆ. ಇಷ್ಟೇ ಕಥೆ. ಅಳು ಇಲ್ಲ, ವಿವರಣೆ ಇಲ್ಲ. ಒಡಹುಟ್ಟಿದವರ ಋಣ ಏನು ಅಂತ ಇದಕ್ಕಿಂತ ಚೆನ್ನಾಗಿ ಹೇಳಿದ ರಾಕ್ ಹಾಡು ನನಗೆ ಸಿಕ್ಕಿಲ್ಲ.

ಅದೇ ಕ್ಯಾಸೆಟ್ಟಿನಲ್ಲಿ ಇನ್ನೊಂದು ಹಾಡೂ ಇತ್ತು, 'ಬಾರ್ನ್ ಇನ್ ದಿ ಯು.ಎಸ್.ಎ.'. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಕ್ಯಾಸೆಟ್ಟಿನ ರೂಪದಲ್ಲಿ ಅದು ವಿಯೆಟ್ನಾಂನಿಂದ ವಾಪಸ್ ಬಂದು ಕೆಲಸ ಸಿಗದೆ ಒದ್ದಾಡುವವನ ಗೊಣಗಾಟ. 1984ರ ಅದೇ ಹೆಸರಿನ ಆಲ್ಬಮ್‌ನಲ್ಲಿ ಈ ಹಾಡಿಗೆ ಮ್ಯಾಕ್ಸ್ ವೈನ್‌ಬರ್ಗ್ ಡ್ರಮ್ ಗುಂಡು ಹಾರಿದ ಹಾಗೆ ಬಡಿಯುತ್ತದೆ, ಸಿಂಥಸೈಜರ್ ಕಹಳೆ ಊದುತ್ತದೆ. ಜನ ಬಾವುಟ ಬೀಸಿದರು. ಆ ವರ್ಷದ ಚುನಾವಣೆ ಪ್ರಚಾರಕ್ಕೆ ನ್ಯೂಜೆರ್ಸಿಗೆ ಬಂದ ಅಧ್ಯಕ್ಷ ರೇಗನ್ ತಮ್ಮ ಭಾಷಣದಲ್ಲಿ ಸ್ಪ್ರಿಂಗ್‌ಸ್ಟೀನ್ ಹಾಡುಗಳು ಭರವಸೆ ಕೊಡುತ್ತವೆ ಅಂದುಬಿಟ್ಟರು. ಸದ್ದು ಪದಗಳನ್ನು ನುಂಗಿದ್ದು ಹೀಗೆ. ಕ್ಯಾಸೆಟ್ ರೂಪ 1998ರ 'ಟ್ರ್ಯಾಕ್ಸ್' ಸಂಗ್ರಹದಲ್ಲಿ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಕೇಳಿ ನೋಡಿ.

ಹಾಗಂತ ಆ ಆಲ್ಬಮ್ ಕಳಪೆ ಅಲ್ಲ. 12 ಹಾಡಿನಲ್ಲಿ ಏಳು ಅಮೆರಿಕದ ಟಾಪ್ ಟೆನ್ ಸೇರಿದವು. ಒಂದೊಂದು ಹಾಡೂ ಗಟ್ಟಿ. 'ಐ ಆಮ್ ಆನ್ ಫೈರ್' ಮತ್ತು 'ಮೈ ಹೋಮ್‌ಟೌನ್', ಅಂದರೆ ಸದ್ದು ಕಡಿಮೆ ಇರುವ ಎರಡು, ಈಗಲೂ ನನ್ನ ಫೋನಿನಲ್ಲಿವೆ. ಉಳಿದವು ಎಂಬತ್ತರ ದಶಕಕ್ಕೇ ಅಂಟಿಕೊಂಡಿವೆ.

1987ರ 'ಟನಲ್ ಆಫ್ ಲವ್' ಅಷ್ಟು ದೊಡ್ಡ ಗೆಲುವಿನ ನಂತರ ಬಂದ ಸಣ್ಣ ದನಿಯ ಆಲ್ಬಮ್. ಹೆಚ್ಚು ವಾದ್ಯಗಳನ್ನು ಅವನೇ ನುಡಿಸಿದ್ದಾನೆ. ಮೊದಲ ಮದುವೆ ಬಿರುಕು ಬಿಡುತ್ತಿದ್ದ ಸಮಯ. ಪಕ್ಕದಲ್ಲಿ ಮಲಗಿರುವವಳನ್ನೂ ನಂಬಲಾಗದ, ತನ್ನನ್ನೂ ನಂಬಲಾಗದ ಗಂಡಸು 'ಬ್ರಿಲಿಯಂಟ್ ಡಿಸ್‌ಗೈಸ್' ಹಾಡಿನಲ್ಲಿದ್ದಾನೆ. ಮದುವೆ ಆದವರು ಇದನ್ನು ಬೇರೆ ಥರ ಕೇಳುತ್ತಾರೆ. ಜನ ಮರೆತಿರುವ ಆಲ್ಬಮ್ ಇದು, ಅಭಿಮಾನಿಗಳೂ ಕಡಿಮೆ ಮಾತಾಡುತ್ತಾರೆ. ನನ್ನ ಪಟ್ಟಿಯಲ್ಲಿ ಮೂರನೆಯದು.

1989ರಲ್ಲಿ ತನ್ನ 'ಇ ಸ್ಟ್ರೀಟ್ ಬ್ಯಾಂಡ್' ಅನ್ನು ಕಳಿಸಿಬಿಟ್ಟ. 1992ರ ಮಾರ್ಚ್ 31ರಂದು ಒಂದೇ ದಿನ ಎರಡು ಆಲ್ಬಮ್ ಬಿಟ್ಟ. 'ಹ್ಯೂಮನ್ ಟಚ್' ಬೇಡ. 'ಲಕಿ ಟೌನ್' ಕೇಳಬಹುದು, ಅದರಲ್ಲಿ 'ಇಫ್ ಐ ಶುಡ್ ಫಾಲ್ ಬಿಹೈಂಡ್' ಅನ್ನುವ ಒಂದು ಬಂಗಾರದ ಹಾಡಿದೆ. 1995ರ 'ದಿ ಗೋಸ್ಟ್ ಆಫ್ ಟಾಮ್ ಜೋಡ್' ಮತ್ತೆ ಗಿಟಾರು, ಪಿಸುದನಿ, ಮೆಕ್ಸಿಕೋ ಗಡಿ ದಾಟುವವರ ಕಥೆಗಳು. ಅದರಲ್ಲಿ ರಾಗ ತೀರಾ ಕಡಿಮೆ. ಮನಸ್ಸು ಕೊಟ್ಟು ಕೂತರೆ ಮಾತ್ರ ಒಳಗೆ ಬಿಡುತ್ತದೆ.

2002ರ 'ದಿ ರೈಸಿಂಗ್'. ಬ್ಯಾಂಡ್ ವಾಪಸ್ ಬಂದು ಮಾಡಿದ ಆಲ್ಬಮ್, ಸೆಪ್ಟೆಂಬರ್ 11ರ ದಾಳಿಯ ನಂತರ. ಇಲ್ಲಿ ಅವನಿಗೆ ಒಂದು ದೊಡ್ಡ ಜವಾಬ್ದಾರಿ ಇತ್ತು, ಹೊತ್ತುಕೊಂಡ. 'ಯು ಆರ್ ಮಿಸ್ಸಿಂಗ್' ಹಾಡಿನಲ್ಲಿ ದಾಳಿಯ ಮಾತೇ ಇಲ್ಲ. ಮನೆಯಲ್ಲಿ ಎಲ್ಲಾ ವಸ್ತು ಇದ್ದ ಜಾಗದಲ್ಲೇ ಇವೆ, ಮನುಷ್ಯ ಮಾತ್ರ ಇಲ್ಲ. 'ಮೈ ಸಿಟಿ ಆಫ್ ರೂಯಿನ್ಸ್' ದಾಳಿಗೂ ಮೊದಲೇ ಬರೆದದ್ದು, ಪಾಳು ಬಿದ್ದಿದ್ದ ಆಸ್ಬರಿ ಪಾರ್ಕ್ ಊರಿನ ಬಗ್ಗೆ. ನನ್ನ ದೂರು ಉದ್ದದ ಬಗ್ಗೆ. 15 ಹಾಡು, ಎಪ್ಪತ್ತು ನಿಮಿಷ ದಾಟುತ್ತದೆ. ನಾಲ್ಕು ಹಾಡು ತೆಗೆದಿದ್ದರೆ 'ಡಾರ್ಕ್‌ನೆಸ್' ಪಕ್ಕ ಕೂರುತ್ತಿತ್ತು.

'ದಿ ರೈಸಿಂಗ್' ಮಾಡಿದ ನಿರ್ಮಾಪಕ ಬ್ರೆಂಡನ್ ಓಬ್ರಿಯನ್ ಕೈಯಲ್ಲೇ 2007ರ 'ಮ್ಯಾಜಿಕ್', 2009ರ 'ವರ್ಕಿಂಗ್ ಆನ್ ಎ ಡ್ರೀಮ್' ಬಂದವು. 'ಮ್ಯಾಜಿಕ್' ಹಾಡುಗಳು ನಿಜಕ್ಕೂ ಒಳ್ಳೆಯವು. ಆದರೆ ಎಲ್ಲವನ್ನೂ ಒಂದೇ ಎತ್ತರಕ್ಕೆ ಹಿಂಡಿ ನಿಲ್ಲಿಸಿದ್ದಾರೆ. ಮೂರನೇ ಹಾಡಿನ ಹೊತ್ತಿಗೆ ಕಿವಿ ದಣಿಯುತ್ತದೆ. ಅವೇ ಹಾಡುಗಳನ್ನು ವೇದಿಕೆಯಲ್ಲಿ ಹಾಡಿದ್ದನ್ನು ಕೇಳಿದರೆ ಎಷ್ಟು ಉಸಿರಾಡುತ್ತವೆ ಅಂತ ಗೊತ್ತಾಗುತ್ತದೆ. ಇದು ನನಗೆ ಇವತ್ತಿಗೂ ಬೇಜಾರು. ಇವೆರಡಕ್ಕೂ ಮೊದಲು, 2006ರಲ್ಲಿ, ಪೀಟ್ ಸೀಗರ್ ಹಾಡುತ್ತಿದ್ದ ಜನಪದ ಹಾಡುಗಳನ್ನು ಮನೆಯಲ್ಲೇ ಪಿಟೀಲು, ಬ್ಯಾಂಜೋ, ತುತ್ತೂರಿಯವರನ್ನೆಲ್ಲಾ ಕೂರಿಸಿಕೊಂಡು ನೇರವಾಗಿ ಹಾಡಿದ್ದ. ಅಲ್ಲೂ ಜನ ಜಾಸ್ತಿ, ಆದರೆ ಕೋಣೆ ಕೇಳಿಸುತ್ತದೆ. ವ್ಯತ್ಯಾಸ ಅದೇ.

ಇತ್ತೀಚಿನ ವರ್ಷಗಳ ಕೆಲಸವನ್ನು ಹಳೆ ಅಭಿಮಾನಿಗಳು ಹಗುರವಾಗಿ ತಗೊಳ್ಳಬಾರದು. 2019ರ 'ವೆಸ್ಟರ್ನ್ ಸ್ಟಾರ್ಸ್'ನಲ್ಲಿ ವಯಸ್ಸಾದ ನಟರು, ಮೈಯೆಲ್ಲಾ ಜಖಂ ಆದ ಸ್ಟಂಟ್‌ಮನ್‌ಗಳು, ಪಾಳುಬಿದ್ದ ಮೋಟೆಲ್. 2020ರ 'ಲೆಟರ್ ಟು ಯು' ಇನ್ನೂ ಹತ್ತಿರದ್ದು. ಮೊದಲೇ ಡೆಮೊ ಮಾಡಿಕೊಳ್ಳದೆ, ಮನೆಯ ಸ್ಟುಡಿಯೋದಲ್ಲಿ ಇಡೀ ಬ್ಯಾಂಡ್ ಒಟ್ಟಿಗೆ ಕೂತು ನಾಲ್ಕೈದು ದಿನದಲ್ಲಿ ಮುಗಿಸಿದ್ದು. ಹಿಂದೆ ಒಂದು ಹಾಡಿಗೆ ಆರು ತಿಂಗಳು ತಗೊಂಡವನು ಇವನೇ ಅಲ್ವಾ! ಫೆಡರೀಚಿ 2008ರಲ್ಲಿ ಹೋದ, ಕ್ಲೆಮನ್ಸ್ 2011ರಲ್ಲಿ. 2018ರಲ್ಲಿ ಜಾರ್ಜ್ ಥೀಸ್ ತೀರಿಕೊಂಡ ಮೇಲೆ, ಹದಿಹರೆಯದಲ್ಲಿ ಸೇರಿದ್ದ ಕ್ಯಾಸ್ಟೈಲ್ಸ್ ಬ್ಯಾಂಡಿನವರಲ್ಲಿ ಬದುಕಿರುವುದು ಇವನೊಬ್ಬನೇ. 'ಲಾಸ್ಟ್ ಮ್ಯಾನ್ ಸ್ಟ್ಯಾಂಡಿಂಗ್' ಹುಟ್ಟಿದ್ದು ಅಲ್ಲಿಂದ. ದನಿ ಒರಟಾಗಿದೆ, ಮೇಲಿನ ಸ್ವರಕ್ಕೆ ಒದ್ದಾಡುತ್ತಾನೆ. ತಿದ್ದಿಲ್ಲ, ಹಾಗೇ ಬಿಟ್ಟಿದ್ದಾನೆ. ಒಳ್ಳೆಯದೇ ಮಾಡಿದ.

2025ರಲ್ಲಿ ಒಂದೇ ಸಲ ಏಳು ಹಳೆ ಆಲ್ಬಮ್ ಹೊರಗೆ ಬಂದವು, 'ಟ್ರ್ಯಾಕ್ಸ್ 2' ಹೆಸರಿನಲ್ಲಿ, ಒಟ್ಟು 83 ಹಾಡು. ಅದೇ ವರ್ಷ 'ನೆಬ್ರಾಸ್ಕಾ' ಹಾಡುಗಳ ಬ್ಯಾಂಡ್ ರೂಪವೂ ಬಂತು. ಅಭಿಮಾನಿಗಳು ದಶಕಗಳಿಂದ ಕೇಳುತ್ತಿದ್ದದ್ದು ಅದನ್ನೇ. ಕೇಳಿದೆ. ಗಟ್ಟಿಯಾಗಿ ನುಡಿಸಿದ್ದಾರೆ, ಕೇಳಲು ಖುಷಿಯಾಗುತ್ತದೆ, ಆದರೆ ಜೇಬಿನ ಕ್ಯಾಸೆಟ್ಟನ್ನೇ ಆರಿಸಿದ್ದು ಸರಿ. ಏಳು ಆಲ್ಬಮ್‌ಗಳಲ್ಲಿ ನಾನು ಮತ್ತೆ ಮತ್ತೆ ಹಾಕುತ್ತಿರುವುದು ಎರಡನ್ನು. ಒಂದು, ಡ್ರಮ್ ಲೂಪ್ ಇಟ್ಟುಕೊಂಡು ತೊಂಬತ್ತರ ದಶಕದಲ್ಲಿ ಮಾಡಿದ 'ಸ್ಟ್ರೀಟ್ಸ್ ಆಫ್ ಫಿಲಡೆಲ್ಫಿಯಾ ಸೆಷನ್ಸ್'. ಇನ್ನೊಂದು, ಗಡಿನಾಡಿನ ಕಥೆಗಳ 'ಇನ್ಯೋ'. ಎರಡರಲ್ಲೂ ವಾದ್ಯ ಕಡಿಮೆ, ದನಿ ಹತ್ತಿರ. ಪೂರ್ತಿ ಸೆಟ್ ಕೊಳ್ಳುವ ಮೊದಲು ಇವೆರಡನ್ನು ಕೇಳಿ. ಇವು ಹಿಡಿಸದಿದ್ದರೆ ಉಳಿದ ಐದಕ್ಕೆ ದುಡ್ಡು ಹಾಕುವ ಅವಸರ ಬೇಡ.