ಕ್ಯಾನನ್ 200ಡಿ ಮಾರ್ಕ್ 2, ನಿಕಾನ್ ಡಿ5600: ಎರಡನ್ನೂ ಬಳಸಿ ನೋಡಿದ ಮೇಲೆ

ಮೊದಲ ಡಿಎಸ್ಎಲ್ಆರ್ ಕೊಳ್ಳಲು ಹೊರಟವರು ನನ್ನನ್ನು ಹೆಚ್ಚಾಗಿ ಕೇಳುವುದು ಈ ಎರಡು ಕ್ಯಾಮೆರಾಗಳ ಬಗ್ಗೆಯೇ. ನಿಕಾನ್ ನನ್ನದು. ಕ್ಯಾನನ್ ಅಕ್ಕನದು, ಆದರೆ ತಿಂಗಳುಗಟ್ಟಲೆ ನನ್ನ ಹತ್ತಿರವೇ ಇತ್ತು. ಹಕ್ಕಿ, ಯಕ್ಷಗಾನ, ಮನೆಯ ಸಮಾರಂಭ ಎಲ್ಲಕ್ಕೂ ಎರಡನ್ನೂ ಬಳಸಿದ್ದೇನೆ.

ಸ್ಪೆಕ್ ಪಟ್ಟಿ ನೋಡಿದರೆ ಎರಡೂ ಒಂದೇ ಥರ. 24 ಮೆಗಾಪಿಕ್ಸೆಲ್, ಸೆಕೆಂಡಿಗೆ 5 ಚಿತ್ರ, ಪಕ್ಕಕ್ಕೆ ತೆರೆದು ತಿರುಗಿಸುವ ಟಚ್ ಸ್ಕ್ರೀನ್. ಬ್ಯಾಟರಿ, ಕಾರ್ಡ್ ಹಾಕಿದರೂ ಎರಡೂ ಅರ್ಧ ಕೆಜಿಗಿಂತ ಕಡಿಮೆ. ನಿಕಾನ್ ಬಂದದ್ದು 2016ರಲ್ಲಿ, ಕ್ಯಾನನ್ 2019ರಲ್ಲಿ. ಹೊಸದೇ ಮೇಲು ಅನ್ನಿಸುತ್ತದೆ, ಅಲ್ವಾ? ಅದು ನೀವು ಮೇಲಿನ ಕಿಂಡಿಗೆ, ಅಂದರೆ ವ್ಯೂಫೈಂಡರ್‌ಗೆ, ಕಣ್ಣಿಡುತ್ತೀರೋ, ಸ್ಕ್ರೀನ್ ನೋಡುತ್ತೀರೋ ಅನ್ನುವುದರ ಮೇಲಿದೆ.

ಡಿಎಸ್ಎಲ್ಆರ್ ಒಳಗೆ ಒಂದು ಕನ್ನಡಿ ಇರುತ್ತದೆ. ಲೆನ್ಸ್‌ನಿಂದ ಬಂದ ಬೆಳಕನ್ನು ಅದು ವ್ಯೂಫೈಂಡರ್‌ಗೆ ಕಳಿಸುತ್ತದೆ, ಸ್ವಲ್ಪ ಬೆಳಕನ್ನು ಫೋಕಸ್‌ಗೆಂದೇ ಇರುವ ಇನ್ನೊಂದು ಸೆನ್ಸರ್‌ಗೆ ಬಿಡುತ್ತದೆ. ನೀವು ನೋಡುವುದು ನಿಜವಾದ ಬೆಳಕು, ಅದರಲ್ಲಿ ತಡ ಅನ್ನುವುದೇ ಇಲ್ಲ. ಈ ಫೋಕಸ್ ಸೆನ್ಸರ್‌ನಲ್ಲಿ ನಿಕಾನ್‌ಗೆ 39 ಪಾಯಿಂಟ್‌ಗಳಿವೆ, ಅಂದರೆ ಚೌಕಟ್ಟಿನಲ್ಲಿ ಫೋಕಸ್ ಹಿಡಿಯಬಲ್ಲ 39 ಜಾಗಗಳು. ಕ್ಯಾನನ್‌ಗೆ 9 ಮಾತ್ರ.

ಈ ವ್ಯತ್ಯಾಸ ನನಗೆ ಸರಿಯಾಗಿ ಅರ್ಥವಾದದ್ದು ರಂಗನತಿಟ್ಟಿನಲ್ಲಿ. ದೋಣಿ ಅಲುಗಾಡುತ್ತಿರುತ್ತದೆ. ಬಣ್ಣದ ಕೊಕ್ಕರೆ ಗೂಡಿಗೆ ಕಡ್ಡಿ ಹಿಡಿದು ಹಾರಿ ಬರುತ್ತದೆ. ನಿಕಾನ್‌ನಲ್ಲಿ 3ಡಿ ಟ್ರ್ಯಾಕಿಂಗ್ ಹಾಕಿದರೆ ಹಕ್ಕಿ ಚೌಕಟ್ಟಿನ ಒಂದು ಬದಿಗೆ ಸರಿದರೂ ಫೋಕಸ್ ಅದರ ಹಿಂದೆಯೇ ಹೋಗುತ್ತದೆ. ಕ್ಯಾನನ್‌ನಲ್ಲಿ ನಾನು ನಡುವಿನ ಪಾಯಿಂಟ್ ಒಂದನ್ನೇ ನಂಬಿ, ಹಕ್ಕಿಯನ್ನು ಸದಾ ಮಧ್ಯದಲ್ಲೇ ಇಟ್ಟುಕೊಳ್ಳಬೇಕಾಯಿತು. ಸ್ವಲ್ಪ ತಪ್ಪಿದರೂ ಹಿಂದಿನ ಎಲೆಗಳ ಮೇಲೆ ಫೋಕಸ್. ಬಂಡೆಯ ಮೇಲೆ ಮಲಗಿದ ಮೊಸಳೆಗೆ ಯಾವ ಕ್ಯಾಮೆರಾ ಆದರೂ ಸಾಕು, ಬಿಡಿ.

ಸ್ಕ್ರೀನ್ ನೋಡಿ ತೆಗೆಯುವಾಗ ಕಥೆ ಪೂರ್ತಿ ಉಲ್ಟಾ. ಆಗ ಕನ್ನಡಿ ಮೇಲಕ್ಕೆ ಎದ್ದಿರುತ್ತದೆ, ಆ ಬೇರೆ ಸೆನ್ಸರ್‌ಗೆ ಕೆಲಸವಿಲ್ಲ. ಕ್ಯಾನನ್‌ನ ಡ್ಯುಯಲ್ ಪಿಕ್ಸೆಲ್ ತಂತ್ರದಲ್ಲಿ ಚಿತ್ರ ಹಿಡಿಯುವ ಸೆನ್ಸರೇ ಫೋಕಸ್ ದೂರವನ್ನೂ ಲೆಕ್ಕ ಹಾಕುತ್ತದೆ. ಅಕ್ಕನ ಮಗ ಅಂಗಳದಲ್ಲಿ ಓಡಾಡುತ್ತಿದ್ದರೆ ಮುಖ ಬಿಡದೆ ಹಿಡಿಯುತ್ತದೆ. ನಿಕಾನ್ ಇಲ್ಲಿ ಹಿಂದೆ ಮುಂದೆ ತಡಕಾಡಿ ನಿಲ್ಲುತ್ತದೆ. ಅಷ್ಟರಲ್ಲಿ ಹುಡುಗ ಬೇರೆಲ್ಲೋ ಇರುತ್ತಾನೆ. ವಿಡಿಯೋ ಮಾಡುವವರಿಗೆ ನಾನು ಯೋಚನೆಯೇ ಇಲ್ಲದೆ ಕ್ಯಾನನ್ ಹೇಳುತ್ತೇನೆ. ಆದರೆ ಡಬ್ಬದ ಮೇಲಿನ 4ಕೆ ನೋಡಿ ಕೊಳ್ಳಬೇಡಿ. 4ಕೆ ಹಾಕಿದರೆ ಚೌಕಟ್ಟು ಇನ್ನಷ್ಟು ಕಿರಿದಾಗುತ್ತದೆ, ಡ್ಯುಯಲ್ ಪಿಕ್ಸೆಲ್ ಫೋಕಸ್ ಕೂಡ ಸಿಗುವುದಿಲ್ಲ. ಫುಲ್ ಎಚ್‌ಡಿಯಲ್ಲೇ ಅದರ ಗುಣ ಕಾಣುವುದು.

ರಾತ್ರಿಯ ಯಕ್ಷಗಾನಕ್ಕೆ ಎರಡೂ ನಡೆಯುತ್ತವೆ. ವೇಷ ಗಿರಕಿ ಹೊಡೆಯುವಾಗ ಶಟರ್ 1/250 ಸೆಕೆಂಡಿಗಿಂತ ನಿಧಾನವಾದರೆ ಮುಖ ಅಲುಗಿಬಿಡುತ್ತದೆ. ಹಾಗಾಗಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ರ ಆಸುಪಾಸಿಗೆ ಹೋಗಲೇಬೇಕು. ಜೆಪೆಗ್‌ನಲ್ಲಿ ಮುಖದ ಬಣ್ಣ, ಆಭರಣದ ಹೊಳಪು ಕ್ಯಾನನ್‌ನದೇ ಚೆಂದ, ಹಾಗೇ ವಾಟ್ಸಾಪ್‌ನಲ್ಲಿ ಕಳಿಸಬಹುದು. ರಾ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆದು ಕಂಪ್ಯೂಟರ್‌ನಲ್ಲಿ ಕೂತು ಕತ್ತಲ ಭಾಗ ಎತ್ತುವವರಿಗೆ ನಿಕಾನ್ ಫೈಲ್ ಜಾಸ್ತಿ ಒಗ್ಗುತ್ತದೆ.

ಕೈಹಿಡಿತ ನಿಕಾನ್‌ನದು ಆಳವಾಗಿದೆ. ಕ್ಯಾನನ್‌ನಲ್ಲಿ ನನ್ನ ಕಿರುಬೆರಳಿಗೆ ಜಾಗವೇ ಇಲ್ಲ, ಅಕ್ಕನ ಕೈಗೆ ಅದೇ ಸರಿಯಾಗಿದೆ. ನಿಕಾನ್ ಜೊತೆ ಬರುವ 18-55 ಲೆನ್ಸ್ ಮಡಚಿಕೊಂಡಿರುತ್ತದೆ. ಒಂದು ಗುಂಡಿ ಒತ್ತಿ ಬಿಡಿಸದೆ ಫೋಟೋ ತೆಗೆಯಲಾಗುವುದಿಲ್ಲ. ಬೆಳಿಗ್ಗೆ ಚೀಲದಿಂದ ತೆಗೆದ ಕೂಡಲೇ ಬಿಡಿಸಿಟ್ಟುಕೊಳ್ಳಿ.

ಲೆನ್ಸ್ ವಿಷಯ ಮಾತ್ರ ಗಮನವಿಟ್ಟು ಓದಿ. ಡಿ5600 ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಹಳೆಯ 50ಎಂಎಂ ಎಫ್1.8ಡಿ ಲೆನ್ಸ್ ಅಗ್ಗಕ್ಕೆ ಸಿಗುತ್ತದೆ, ಆದರೆ ಇದರಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕು. ಎಎಫ್-ಎಸ್ ಅಥವಾ ಎಎಫ್-ಪಿ ಎಂದು ಬರೆದಿರುವ, ಮೋಟಾರ್ ತನ್ನೊಳಗೇ ಇರುವ ಲೆನ್ಸನ್ನೇ ಕೊಳ್ಳಿ. ಕ್ಯಾನನ್‌ನಲ್ಲಿ ಈ ತಲೆನೋವಿಲ್ಲ. ಇಎಫ್ ಲೆನ್ಸ್‌ಗಳಲ್ಲಿ ಮೋಟಾರ್ ಲೆನ್ಸ್‌ನೊಳಗೇ ಇರುತ್ತದೆ, 50ಎಂಎಂ ಎಫ್1.8 ಎಸ್‌ಟಿಎಂ ಸಣ್ಣ ಬಜೆಟ್‌ಗೂ ಎಟುಕುತ್ತದೆ. ಹಕ್ಕಿ ತೆಗೆಯುವವರಿಗೆ ನಿಕಾನ್‌ನ ಎಎಫ್-ಪಿ 70-300 ವಿಆರ್ (ಕೈ ಅಲುಗಾಟ ತಗ್ಗಿಸುವ) ಲೆನ್ಸ್ ತುಂಬಾ ಹಗುರ, ಫೋಕಸ್ ಸದ್ದೇ ಇಲ್ಲ. ನಾನು ನಿಕಾನ್ ಬಿಡದೆ ಇಟ್ಟುಕೊಂಡಿರಲು ಅರ್ಧ ಕಾರಣ ಇದೇ ಲೆನ್ಸ್.

ಎರಡೂ ಕಂಪನಿಗಳ ಗಮನ ಈಗ ಒಳಗೆ ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಕಡೆಗಿದೆ. ಹಾಗಾಗಿ ನಿಮಗೆ ಸಿಗುವುದು ಸೆಕೆಂಡ್ ಹ್ಯಾಂಡ್ ಆಗಿರಬಹುದು. ನಿಕಾನ್ ಆದರೆ ಒಂದು ಫೋಟೋ ತೆಗೆದು ಅದರ ಎಕ್ಸಿಫ್ (ಫೋಟೋ ಫೈಲ್‌ನೊಳಗೆ ಕ್ಯಾಮೆರಾ ಬರೆದಿಡುವ ವಿವರ) ಓದಿದರೆ ಶಟರ್ ಎಷ್ಟು ಸಲ ಬಿದ್ದಿದೆ ಎಂದು ತಿಳಿಯುತ್ತದೆ. ಕ್ಯಾನನ್‌ನಲ್ಲಿ ಅದು ಅಷ್ಟು ಸುಲಭವಲ್ಲ. ಎರಡರಲ್ಲೂ ಅಪರ್ಚರ್ (ಲೆನ್ಸ್‌ನೊಳಗೆ ಬೆಳಕು ಬರುವ ಕಿಂಡಿ) ಎಫ್16ಕ್ಕೆ ಕಿರಿದಾಗಿಸಿಟ್ಟು ಬಿಳಿ ಗೋಡೆಯ ಫೋಟೋ ತೆಗೆಯಿರಿ. ಸೆನ್ಸರ್ ಮೇಲೆ ಧೂಳಿದ್ದರೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಕ್ಲೀನ್ ಮಾಡಿಸಿ ಕೊಡಿ ಎಂದು ಹಣ ಕೊಡುವ ಮೊದಲೇ ಕೇಳಿ.