ಹೀಟ್ ಪಂಪ್ ತರುವ ಮೊದಲು ಅದನ್ನು ಎಲ್ಲಿಡ್ತೀರಿ ನೋಡಿಕೊಳ್ಳಿ

ವಿಜಯಪುರದಲ್ಲಿ ಬಚ್ಚಲಿನ ಬಿಸಿನೀರಿಗೆ ಹೀಟ್ ಪಂಪ್ ಹಾಕಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ನಾವು ಲಕ್ಷಕ್ಕೂ ಜಾಸ್ತಿ ಸುರಿದು ತಂದೆವು. ಆಮೇಲೆ ವರ್ಷವಿಡೀ ಗೀಸರ್ ಇದ್ದಾಗಿನಷ್ಟೇ ಬಿಲ್ ಕಟ್ಟಿದೆವು.

ಮನೆಯಲ್ಲಿ ಆರು ಜನ. ಮಾಳಿಗೆ ಮೇಲೆ ಇನ್ನೊಂದು ಮನೆ ಕಟ್ಟುವುದಿತ್ತು, ಹಾಗಾಗಿ ಸೋಲಾರ್ ಬೇಡ ಅಂದುಕೊಂಡೆವು. ಅಂಗಡಿಯವರು 200 ಲೀಟರಿನ ಹೀಟ್ ಪಂಪ್ ತೋರಿಸಿದರು. ಅವರು ಹೇಳಿದ ಲೆಕ್ಕ ಸುಳ್ಳಲ್ಲ. 200 ಲೀಟರ್ ನೀರು 25 ಡಿಗ್ರಿಯಿಂದ 55ಕ್ಕೆ ಕಾಯಲು ಗೀಸರಿಗೆ ಸುಮಾರು 7 ಯೂನಿಟ್ ಬೇಕು. ಹೀಟ್ ಪಂಪ್ ಸುತ್ತಲಿನ ಗಾಳಿಯ ಬಿಸಿ ಎಳೆದು ನೀರಿಗೆ ಕೊಡುತ್ತದೆ, ಎರಡೂವರೆ ಯೂನಿಟ್‌ನಲ್ಲಿ ಮುಗಿಸುತ್ತದೆ. ನಮ್ಮೂರ ಬಿಸಿಲಿಗೆ ಹೇಳಿ ಮಾಡಿಸಿದ್ದು ಅಲ್ವಾ?

ಆದರೆ ಅದಕ್ಕೆ ಗಾಳಿ ಸಿಗಬೇಕು. ಫಿಟ್ ಮಾಡಲು ಬಂದವನು, "ಮೆಟ್ಟಿಲ ಕೆಳಗಿನ ಖೋಲಿಯಾಗ ಇಡೋಣ್ರಿ, ಕಣ್ಣಿಗೂ ಬೀಳೂದಿಲ್ಲ" ಅಂದ. ಸರಿ ಅಂದೆವು. ಆ ಖೋಲಿ 210 ಘನ ಅಡಿಯೂ ಇಲ್ಲ. ಮನೆಯೊಳಗೆ ಇಡುವುದಾದರೆ ಸುಮಾರು 1000 ಘನ ಅಡಿ ಜಾಗ ಬೇಕು ಅಂತ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ.

ಮೊದಲು ಗಮನಿಸಿದ್ದು ಅವ್ವ. ಏಪ್ರಿಲ್‌ನಲ್ಲಿ ಜೋಳ ತೆಗೆಯಲು ಬಾಗಿಲು ತೆರೆದರೆ ಕಾಲಿಗೆ ತಣ್ಣನೆ ಗಾಳಿ. "ಎಷ್ಟ ತಂಪ ಐತಿ ಇಲ್ಲಿ!" ಅಂತ ಖುಷಿಪಟ್ಟಳು. ಬಿಸಿ ಎಳೆಸಿಕೊಂಡ ಗಾಳಿ ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಸುತ್ತುತ್ತಿತ್ತು. ಮಳೆಗಾಲಕ್ಕೆ ಚೀಲದ ಬುಡ ಒದ್ದೆಯಾಗಿ, ಜೋಳ ಬೂಷ್ಟು ಹಿಡಿದು, ಅರ್ಧ ಚೀಲ ದನಕ್ಕೂ ಹಾಕಲಾಗದ ಹಾಗಾಯಿತು. ಗಾಳಿ ತಣ್ಣಗಾದಾಗ ಮಷೀನಿನಿಂದ ನೀರು ಸುರಿಯುತ್ತದೆ. ಅದಕ್ಕೊಂದು ಪೈಪನ್ನೇ ಹಾಕಿರಲಿಲ್ಲ.

ಕೊನೆಗೆ ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಬಂದು ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ನೋಡಲು ವೈರಿಗೆ ಕ್ಲ್ಯಾಂಪ್ ಮೀಟರ್ ಹಿಡಿದ. ಗಾಳಿಯ ಬಿಸಿಯನ್ನು ನೀರಿಗೆ ಸಾಗಿಸುವ ಕಂಪ್ರೆಸರ್ ಒಂದೇ ಓಡಿದರೆ 4 ಆಂಪಿಯರ್ ಒಳಗಿರಬೇಕು. ಮೀಟರ್ 12 ತೋರಿಸಿತು. ಒಳಗೆ 2 ಕಿಲೋವ್ಯಾಟಿನ ಕಾಯಿಲ್ ಇದೆ, ಗೀಸರಿನಲ್ಲಿ ಇರುವಂಥದ್ದೇ. ನಮ್ಮ ಮಷೀನಿನ ಕಂಪ್ರೆಸರ್ 55 ಡಿಗ್ರಿವರೆಗೆ ಕಾಯಿಸುತ್ತದೆ, ಅದರ ಮೇಲಿನದೆಲ್ಲ ಕಾಯಿಲ್ ಪಾಲು. ಫಿಟ್ ಮಾಡಿದವನು 70ಕ್ಕೆ ಸೆಟ್ ಮಾಡಿ ಹೋಗಿದ್ದ! ಖೋಲಿ ತಣ್ಣಗಾದಷ್ಟೂ ಕಂಪ್ರೆಸರ್ ಸೋತು, ಕಾಯಿಲ್ ಇನ್ನೂ ಜಾಸ್ತಿ ಓಡುತ್ತಿತ್ತು.

ಕಾಯಿಲ್ ಬಿಚ್ಚಿದರೆ ಮೈತುಂಬ ಬಿಳಿ ಸುಣ್ಣ. ಸ್ಕ್ರೂಡ್ರೈವರಿನಿಂದ ತಟ್ಟಿದಾಗ ಹೆಂಚಿನ ಚೂರಿನ ಹಾಗೆ ಉದುರಿತು. ನಮ್ಮದು ಬೋರಿನ ನೀರು. ಅಂಗಡಿಯವರು ಟಿಡಿಎಸ್ ಮೀಟರ್ ಅದ್ದಿ "ನಡೀತೈತ್ರಿ" ಅಂದಿದ್ದರು. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಅಳತೆ, ಗಡಸುತನ ಅಂದರೆ ಸುಣ್ಣ ಕಟ್ಟಿಸುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳದ್ದು ಮಾತ್ರ. ಕುಡಿಯುವ ನೀರಿಗೇ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು, ಬೇರೆ ನೀರೇ ಇಲ್ಲದಿದ್ದರೆ 600 ಅಂತಾರೆ. ಲ್ಯಾಬಿನಲ್ಲಿ ನೋಡಿಸಿದರೆ ನಮ್ಮದು ಅದನ್ನೂ ದಾಟಿತ್ತು. ನೀರು ಬಿಸಿಯಾದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ವ್ಯಾರಂಟಿ ಕೇಳಿದರೆ, ಗಡಸು ನೀರಿನಿಂದ ಕೆಟ್ಟಿದ್ದಕ್ಕೆ ಅನ್ವಯಿಸಲ್ಲ ಅಂತ ಕಾರ್ಡಿನ ಕೊನೆ ಪುಟ ತೋರಿಸಿದರು. ಆ ಕಾರ್ಡನ್ನು ದುಡ್ಡು ಕೊಡುವ ಮೊದಲೇ ಇಸಕೊಂಡು ಓದಿ.

ಈಗ ಮಷೀನು ಹಿತ್ತಲಲ್ಲಿ ತಗಡಿನ ನೆರಳಿನ ಕೆಳಗಿದೆ, ನಾಲ್ಕೂ ಕಡೆ ಗಾಳಿ. 50ಕ್ಕೆ ಸೆಟ್ ಮಾಡಿ, ನೀರಿನ ಗಡಸುತನ ಇಳಿಸುವ ಸಾಫ್ಟ್‌ನರ್ ಹಾಕಿಸಿ, ಕಾಯಿಲಿನ ಸ್ವಿಚ್ ಆಫ್ ಮಾಡಿದ್ದೇವೆ. ಬಿಲ್ ಇಳಿದಿದೆ. ಇದನ್ನೆಲ್ಲ ಮಾಡಿಕೊಳ್ಳಲು ಮತ್ತೆ ಕೈಯಿಂದ ಹೋದದ್ದು 30 ಸಾವಿರದ ಮೇಲೆ.