ಪೀಸ್ ಲಿಲಿಯಲ್ಲಿ ಹೂ ಬರಿಸಲು ಹೋಗಿ ನಾನು ಮಾಡಿಕೊಂಡ ಅನಾಹುತ

ಮೊನ್ನೆ ಎದುರು ಫ್ಲಾಟಿನ ಹುಡುಗಿ ಬಾಗಿಲು ತಟ್ಟಿ, "ಆಂಟಿ, ಆ ಬಿಳಿ ಪುಡಿ ಸ್ವಲ್ಪ ಮಿಕ್ಕಿದ್ರೆ ಕೊಡಿ, ನಮ್ಮ ಮನಿ ಪ್ಲಾಂಟಿಗೂ ಹೊಡೆದು ನೋಡ್ತೀನಿ" ಅಂದಳು. ಎದೆ ಧಸಕ್ ಅಂತು. ವರಮಹಾಲಕ್ಷ್ಮಿ ಹಬ್ಬದ ದಿನ ಕುಂಕುಮಕ್ಕೆ ಬಂದವರೆಲ್ಲ ನನ್ನ ಪೀಸ್ ಲಿಲಿಯ ಒಂಬತ್ತು ಹೂ ನೋಡಿ ಹೊಗಳಿದ್ದರು. ನಾನೂ ಉಬ್ಬಿಹೋಗಿ, ಏನು ಹಾಕಿದೆ, ಎಲ್ಲಿಂದ ತರಿಸಿದೆ ಅಂತ ಸಾರಿಕೊಂಡು ಬಂದಿದ್ದೆ. ಆಮೇಲೆ ಆ ಗಿಡದ ಗತಿ ಏನಾಯಿತು ಅಂತ ಯಾರಿಗೂ ಹೇಳಿರಲಿಲ್ಲ. ಅದನ್ನು ಹೇಳಲಿಕ್ಕೇ ಈ ಬರಹ.

ಗಿಡ ತಂದದ್ದು ನಾಲ್ಕು ವರ್ಷದ ಹಿಂದೆ, ಜನವರಿಯಲ್ಲಿ. ಲಾಲ್‌ಬಾಗಿನ ಫ್ಲವರ್ ಶೋ ನೋಡಿ ಬರುವಾಗ ದಾರಿಯಲ್ಲಿದ್ದ ಒಂದು ನರ್ಸರಿಗೆ ನುಗ್ಗಿದ್ದೆವು. ಐದು ಹೂ, ಎರಡು ಮೊಗ್ಗು, ಕನ್ನಡಿಯಂಥ ಎಲೆ, ಮುನ್ನೂರೈವತ್ತು ರೂಪಾಯಿ. "ನೆರಳಲ್ಲೇ ಇಡಿ ಮೇಡಂ, ವರ್ಷವಿಡೀ ಹೂ ಬಿಡುತ್ತೆ" ಅಂದಿದ್ದ ಮಾರುವವನು. ತಿಂಗಳೊಪ್ಪತ್ತಿನಲ್ಲಿ ಆ ಹೂಗಳು ಹಸಿರಾಗಿ ಒಣಗಿದವು. ಆಮೇಲೆ ಮೂರು ವರ್ಷ ಒಂದೇ ಒಂದು ಹೂ ಇಲ್ಲ. ಎಲೆ ಮಾತ್ರ ಸೊಂಪಾಗಿತ್ತು. ನಮ್ಮತ್ತೆ ದಿನಾ ನೀರು ಹಾಕುತ್ತ, "ಎಲೆ ಚೆನ್ನಾಗಿದೆಯಲ್ಲಮ್ಮ, ಇನ್ನೇನು ಬೇಕು" ಅನ್ನುತ್ತಿದ್ದರು. ನನಗೆ ಹೂವೇ ಬೇಕಿತ್ತು.

ಆಗ ನನಗೆ ಗೊತ್ತಿಲ್ಲದೆ ಇದ್ದ ಸಂಗತಿ ಒಂದಿದೆ. ಈ ಇಡೀ ಕತೆಯಲ್ಲಿ ನೀವು ಒಂದನ್ನೇ ನೆನಪಿಡುವುದಾದರೆ ಇದನ್ನಿಡಿ: ನರ್ಸರಿಯಲ್ಲಿ ಒಂದೇ ಸಮ ಹೂ ತುಂಬಿಕೊಂಡು ನಿಂತ ಪೀಸ್ ಲಿಲಿಗಳು ಬಹಳಷ್ಟು ಸಲ ತಾವಾಗಿಯೇ ಹೂ ಬಿಟ್ಟಿರುವುದಿಲ್ಲ. ಜಿಬ್ಬರೆಲಿಕ್ ಆಸಿಡ್ ಅನ್ನುವ ಹಾರ್ಮೋನು ಸಿಂಪಡಿಸಿ, ಮಾರಾಟದ ವೇಳೆಗೆ ಸರಿಯಾಗಿ ಹೂ ಬರುವ ಹಾಗೆ ಮಾಡಿರುತ್ತಾರೆ. ಇದು ಕಳ್ಳದಂಧೆಯಲ್ಲ, ಅಮೆರಿಕದ ಫ್ಲೋರಿಡಾದಲ್ಲಿ 1980ರ ದಶಕದಿಂದಲೂ ಬಳಕೆಯಲ್ಲಿರುವ ವಿಧಾನ. ದೊಡ್ಡ ಬೆಳೆಗಾರರು ಲೀಟರಿಗೆ 150ರಿಂದ 250 ಮಿಲಿಗ್ರಾಂ ಲೆಕ್ಕದಲ್ಲಿ ಒಂದೇ ಒಂದು ಸಲ ಸಿಂಪಡಿಸಿ, ಎರಡೂವರೆ–ಮೂರು ತಿಂಗಳು ಕಾಯುತ್ತಾರೆ. ಅಂದರೆ ನಾನು ಕೊಂಡು ತಂದದ್ದು ಮದುವೆ ಮನೆಯ ಮೇಕಪ್ಪಿನಲ್ಲಿದ್ದ ಗಿಡ. ಅದು ಮನೆಗೆ ಬಂದು ಮುಖ ತೊಳೆದುಕೊಂಡರೆ, ಕಾಯಿಲೆ ಬಂತು ಅಂತ ಔಷಧಿ ಮಾಡಲು ಹೊರಟವಳು ನಾನು.

ಮೊದಲ ಔಷಧಿ ಡಿಎಪಿ. ಹೂ ಬರಲು ರಂಜಕ ಬೇಕು ಅಂತ ಒಂದು ವಿಡಿಯೋದಲ್ಲಿ ಹೇಳಿದ್ದರು. ಡಿಎಪಿಯಲ್ಲಿ ರಂಜಕ ಶೇಕಡಾ 46 ಇದೆ, ಇನ್ನೇನು! ಎಂಟಿಂಚಿನ ಕುಂಡಕ್ಕೆ ಒಂದು ಹಿಡಿ ಕಾಳು ಹಾಕಿದೆ. ಹೊಲದ ಗೊಬ್ಬರವನ್ನು ಕುಂಡಕ್ಕೆ ಹಾಕುವಾಗ ಕಾಳು ಎಣಿಸಿ ಹಾಕಬೇಕು ಅಂತ ತಿಳಿದದ್ದು ಆಮೇಲೆ. ಹತ್ತು ದಿನಕ್ಕೆ ಎಲೆಯ ತುದಿಗಳೆಲ್ಲ ಕಂದಾದವು. ನೀರು ಸಾಲದು ಅಂದುಕೊಂಡು ಇನ್ನಷ್ಟು ಬೋರ್‌ವೆಲ್ ನೀರು ಹೊಯ್ದೆ, ಅದರಲ್ಲೋ ಮೊದಲೇ ಉಪ್ಪಿನಂಶ. ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿತು. ಬೇರು ಸುಟ್ಟದ್ದು ಆಗಲೇ ಇರಬೇಕು, ಮಣ್ಣಿನೊಳಗಿನದು ನಮಗೆ ಕಾಣುವುದಿಲ್ಲವಲ್ಲ.

ಮಾರ್ಚಿನಲ್ಲಿ ಬಿಸಿಲಿನ ಪ್ರಯೋಗ. ಬೆಳಕು ಸಾಲದೆ ಹೂ ಬಿಡುತ್ತಿಲ್ಲ ಅನ್ನುವ ಮಾತು ನಿಜವೇ. ಎಲ್ಲ ಸಲಹೆಗಳ ನಡುವೆ ಸರಿಯಾಗಿದ್ದದ್ದು ಅದೊಂದೇ. ಆದರೆ ಬೆಳಕು ಬೇರೆ, ಬಿಸಿಲು ಬೇರೆ. ಈ ಗಿಡದ ತವರು ಕೊಲಂಬಿಯಾ, ಮಧ್ಯ ಅಮೆರಿಕದ ಕಡೆಯ ಮಳೆಕಾಡು. ದೊಡ್ಡ ಮರಗಳ ಅಡಿಯಲ್ಲಿ ಸೋಸಿ ಬಿದ್ದ ಬೆಳಕಿನಲ್ಲಿ ಬೆಳೆಯುವ ಜಾತಿ. ಮೂರು ವರ್ಷ ಟಿವಿ ಪಕ್ಕದ ಮೂಲೆಯಲ್ಲಿದ್ದದ್ದನ್ನು ನಾನು ಒಮ್ಮೆಗೇ ಪಡುವಣ ಬಾಲ್ಕನಿಯ ಕಟಕಟೆಗೆ ಏರಿಸಿದೆ. ನಾಲ್ಕೇ ದಿನಕ್ಕೆ ಎಲೆಗಳ ಮೇಲೆ ಹಪ್ಪಳ ಸುಟ್ಟ ಹಾಗೆ ಮಚ್ಚೆ. ಒಳಗೆ ತಂದೆ.

ಏಪ್ರಿಲಿನಲ್ಲಿ ಸೇಬು. ಹಣ್ಣಾದ ಸೇಬಿನ ಜೊತೆ ಗಿಡವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಹೂ ಬರುತ್ತದೆ ಅಂತ ಕೇಳಿರುತ್ತೀರಿ. ಅದು ಸುಳ್ಳಲ್ಲ, ಆದರೆ ಆ ಉಪಾಯ ಬ್ರೊಮೀಲಿಯಾಡ್ ಜಾತಿಗೆ, ಅಂದರೆ ಅನಾನಸಿನ ಬಳಗಕ್ಕೆ. ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಆ ಬಳಗದ ಬಲಿತ ಗಿಡಗಳು ಹೂ ಬಿಡುತ್ತವೆ. ಪೀಸ್ ಲಿಲಿ ಕೆಸುವಿನ ಬಳಗ. ಇದಕ್ಕೆ ಎಥಿಲೀನ್ ತಾಗಿದರೆ ಆಗುವುದು ಎಲೆ ಹಣ್ಣಾಗುವುದಷ್ಟೇ. ನನಗೆ ಸಿಕ್ಕಿದ್ದು ಆರು ಹಳದಿ ಎಲೆ, ಒಂದು ಕೊಳೆತ ಸೇಬು. ಇದೇ ಹೊತ್ತಿಗೆ ಇನ್ನೊಬ್ಬರು, ಬನವಾಸಿ ಕಡೆಯವರು, "ಸೇಬೆಲ್ಲ ಯಾಕೆ, ನಮ್ಮಲ್ಲಿ ಅನಾನಸಿನ ಸುಳಿಗೆ ಕಾರ್ಬೈಡ್ ಹಾಕುತ್ತಿದ್ದರು, ಒಂದು ಚೂರು ಹಾಕಿ ನೋಡಿ" ಅಂದರು. ಪುಣ್ಯಕ್ಕೆ ಅದೊಂದನ್ನು ಮಾಡಲಿಲ್ಲ. ಕಾರ್ಬೈಡಿಗೆ ನೀರು ತಾಗಿದರೆ ಹೊರಡುವುದು ಅಸಿಟಿಲೀನ್, ವೆಲ್ಡಿಂಗಿಗೆ ಉರಿಸುವ ಅನಿಲ. ಅಂಗಡಿಯ ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕದ ಕಲ್ಮಶವೂ ಇರುತ್ತದೆ. ಹಣ್ಣು ಮಾಗಿಸಲು ಅದನ್ನು ಬಳಸಬಾರದೆಂದು ನಮ್ಮ ದೇಶದಲ್ಲಿ ಕಾನೂನೇ ಇದೆ. ಗ್ಯಾಸ್ ಒಲೆ ಉರಿಯುವ ಮನೆಯೊಳಗೆ ದಯವಿಟ್ಟು ಅದನ್ನು ತರಬೇಡಿ, ಯಾವ ಗಿಡಕ್ಕೂ.

ಇನ್ನು ಆ ಬಿಳಿ ಪುಡಿಯ ವಿಚಾರ. ನನ್ನ ತಂಗಿಯನ್ನು ಕೊಟ್ಟಿರುವುದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಗೆ, ದ್ರಾಕ್ಷಿ ಬೆಳೆಗಾರರ ಮನೆ. ಬೀಜವಿಲ್ಲದ ದ್ರಾಕ್ಷಿಯ ಕಾಳು ಉದ್ದವಾಗಲಿ, ದಪ್ಪವಾಗಲಿ ಅಂತ ಅಲ್ಲಿ ಎಲ್ಲರೂ ಬಳಸುವುದು ಇದೇ ಜಿಬ್ಬರೆಲಿಕ್ ಆಸಿಡ್. ಅವರ ಬಾಯಲ್ಲಿ ಬರೀ "ಜಿಎ". ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಆದ ಮೇಲೆ ಹೊಡೆದು ಮಿಕ್ಕ ಪೊಟ್ಟಣವನ್ನು ಮೇ ತಿಂಗಳಲ್ಲಿ ತಂಗಿಯ ಯಜಮಾನರು ನನ್ನ ಕಾಟಕ್ಕೆ ತಂದುಕೊಟ್ಟರು. ಕೊಡುವಾಗಲೇ ಹೇಳಿದ್ದರು: "ಅಕ್ಕಾರ, ಇದು ಮಿಲಿಗ್ರಾಂ ಲೆಕ್ಕದಾಗ ಹಾಕೂದು. ಚಮಚಾದ ಲೆಕ್ಕ ಇಲ್ಲ ಮತ್ತ. ಮೊದಲ ಸ್ಪಿರಿಟ್‌ನ್ಯಾಗ ಕರಗಿಸ್ರಿ, ಆಮ್ಯಾಲ ನೀರು." ಸ್ಪಿರಿಟ್ಟಿನ ಮಾತು ಕಿವಿಗೆ ಬಿತ್ತು. ಚಮಚದ ಮಾತು ಬೀಳಲಿಲ್ಲ.

ಮನೆಯಲ್ಲಿ ಮಿಲಿಗ್ರಾಂ ತೂಗುವ ತಕ್ಕಡಿ ಯಾರ ಹತ್ತಿರ ಇರುತ್ತದೆ ಹೇಳಿ? ಕಾಫಿಗೆ ಸಕ್ಕರೆ ಹಾಕುವ ಚಮಚ ತೆಗೆದುಕೊಂಡು ತಲೆತಟ್ಟು ಒಂದು ಚಮಚ ಪುಡಿ, ಒಂದು ಲೀಟರ್ ನೀರು. ಒಂದು ಚಮಚ ಅಂದರೆ ಕಡಿಮೆಯೆಂದರೂ ಎರಡು ಗ್ರಾಂ. ಎರಡು ಗ್ರಾಂ ಅಂದರೆ 2000 ಮಿಲಿಗ್ರಾಂ. ವೃತ್ತಿ ಬೆಳೆಗಾರರ ಗರಿಷ್ಠ ಅಳತೆಯ ಎಂಟು ಪಾಲು! ಸಾಲದು ಅಂತ, ಹತ್ತು ದಿನವಾದರೂ ಏನೂ ಕಾಣಲಿಲ್ಲವೆಂದು ಕಲಸಿಟ್ಟದ್ದರಲ್ಲಿ ಮಿಕ್ಕ ನೀರನ್ನೂ ಹೊಡೆದೆ.

ಮೂರನೇ ವಾರದಿಂದ ಹೊಸ ಎಲೆಗಳು ಬರತೊಡಗಿದವು. ಖುಷಿಯಾಯಿತು. ನಾಲ್ಕು ದಿನಕ್ಕೆ ಖುಷಿ ಇಳಿಯಿತು. ಎಲೆಗಳು ಮಾವಿನ ಎಲೆಗಿಂತಲೂ ಸಪೂರ, ಬಣ್ಣ ತೆಳು ಹಳದಿ, ತೊಟ್ಟು ಮಾತ್ರ ಒಂದೂವರೆ ಅಡಿ ಉದ್ದ. ನಿಲ್ಲಲಾರದೆ ಕುಂಡದ ಅಂಚಿನ ಮೇಲೆ ಜೋತುಬಿದ್ದವು. ಮೊಳೆ ಹೊಡೆದು ದಾರ ಕಟ್ಟಿ ನಿಲ್ಲಿಸಿದೆ. ಹೀಗೆ ಯಾಕೆ ಅಂತ ಓದಹೊರಟಾಗಲೇ ಈ ಪುಡಿಯ ಹುಟ್ಟಿನ ಕತೆ ಸಿಕ್ಕಿದ್ದು. ಜಪಾನಿನ ಭತ್ತದ ಗದ್ದೆಗಳಲ್ಲಿ ಒಂದು ರೋಗ ಇತ್ತಂತೆ, ಸಸಿಗಳು ಪಕ್ಕದವನ್ನೆಲ್ಲ ಮೀರಿ ಬಿಳಿಚಿಕೊಂಡು ಉದ್ದುದ್ದ ಬೆಳೆದು, ಕಾಳು ಕಟ್ಟದೆ ಬಿದ್ದುಹೋಗುವುದು. ಅವರು ಅದನ್ನು "ಬಕಾನೆ" ಅಂದರು, ಅಂದರೆ ಪೆದ್ದ ಸಸಿ. 1926ರಲ್ಲಿ ಕುರೊಸಾವಾ ಅನ್ನುವ ವಿಜ್ಞಾನಿ, ಆ ರೋಗದ ಶಿಲೀಂಧ್ರ ಸ್ರವಿಸುವ ಯಾವುದೋ ವಸ್ತುವೇ ಇದಕ್ಕೆ ಕಾರಣ ಅಂತ ತೋರಿಸಿದರು. ಆ ವಸ್ತುವೇ ಜಿಬ್ಬರೆಲಿನ್. ದುಡ್ಡು ಕೊಡದೆ ತರಿಸಿ, ಚಮಚದಲ್ಲಿ ಅಳೆದು, ಗದ್ದೆಯ ರೋಗವನ್ನು ನಾನು ನಡುಮನೆಗೆ ತಂದು ಕೂರಿಸಿದ್ದೆ.

ಹೂ ಬಂದವು, ಅದನ್ನು ಮುಚ್ಚಿಡುವುದಿಲ್ಲ. ಹನ್ನೊಂದನೇ ವಾರಕ್ಕೆ, ಸರಿಯಾಗಿ ಹಬ್ಬದ ಹೊತ್ತಿಗೆ, ಒಂಬತ್ತು. ದೂರದಿಂದ ನೋಡಿದವರು ಆಹಾ ಅಂದರು. ಹತ್ತಿರ ಹೋದರೆ ಮೂರು ಹೂವಿನ ಬಿಳಿ ಹಾಳೆ ಬಿಚ್ಚಿಕೊಳ್ಳದೆ ಸುರುಳಿಯಲ್ಲೇ ಸಿಕ್ಕಿಹಾಕಿಕೊಂಡಿತ್ತು, ಎರಡು ಅರ್ಧ ಹಸಿರು, ಒಂದಕ್ಕೆ ಹಾಳೆ ಹರಿದು ಎರಡಾಗಿತ್ತು. (ನಾವು ಹೂವಿನ ಎಸಳು ಅನ್ನುವುದು ಎಸಳೇ ಅಲ್ಲ, ಬಣ್ಣ ಬದಲಿಸಿದ ಒಂದು ಎಲೆ. ನಿಜವಾದ ಹೂಗಳು ನಡುವಿನ ಕೋಲಿನ ಮೇಲೆ ಗುಳ್ಳೆಗಳ ಹಾಗೆ ಇರುತ್ತವೆ. ಸುವರ್ಣಗೆಡ್ಡೆ ಹೂ ಬಿಟ್ಟದ್ದನ್ನು ಕಂಡವರಿಗೆ ಈ ಕಟ್ಟು ಗೊತ್ತಿರುತ್ತದೆ.) ಸೊಟ್ಟ ಹೂಗಳನ್ನೆಲ್ಲ ಗೋಡೆಯ ಕಡೆಗೆ ತಿರುಗಿಸಿ, ಚೆನ್ನಾಗಿದ್ದ ಮೂರನ್ನು ಮುಂದೆ ಮಾಡಿ ಕಳಶದ ಪಕ್ಕ ಇಟ್ಟೆ. ಫೋಟೋ ತೆಗೆದದ್ದೂ ಆ ಮೂರರದ್ದೇ. ಅದನ್ನು ನಂಬಿ ಯಾರೂ ಹಾಳಾಗಬೇಡಿ.

ಸೆಪ್ಟೆಂಬರಿನಲ್ಲಿ ಗಿಡ ಕುಸಿಯಿತು. ಒಣಗಿದರೆ ಬಾಡುವುದು, ನೀರು ಹಾಕಿದರೆ ಏಳುವುದು ಈ ಗಿಡದ ಸ್ವಭಾವ. ಈ ಸಲ ನೀರು ಹಾಕಿದರೂ ಏಳಲಿಲ್ಲ. ಕುಂಡದಿಂದ ಕಿತ್ತರೆ ಬೇರು ಕಂದು, ಹಿಡಿದರೆ ಸಿಪ್ಪೆ ಕೈಗೇ ಬರುತ್ತಿತ್ತು, ಕೊಳೆತ ವಾಸನೆ. ಸುಟ್ಟ ಬೇರಿನ ಗಿಡದಿಂದ ಒಂಬತ್ತು ಹೂ ಹಿಂಡಿದ್ದೆನಲ್ಲ. ಪಕ್ಕದಲ್ಲಿದ್ದ ಎರಡು ಮರಿಗಳನ್ನು ಮಾತ್ರ ಬೇರ್ಪಡಿಸಿ ಬೇರೆ ಮಣ್ಣಿಗೆ ಹಾಕಿದ್ದೇನೆ. ಒಂದು ಬದುಕಿದ ಹಾಗೆ ಕಾಣುತ್ತದೆ.

ಎದುರು ಮನೆಯ ಹುಡುಗಿಗೆ ಹೇಳಿದ್ದನ್ನು ಇಲ್ಲೂ ಹೇಳುತ್ತೇನೆ. ಮನಿ ಪ್ಲಾಂಟ್ ಹೂ ಬಿಡುವುದಿಲ್ಲ ಅಂತ ಬೇಜಾರು ಮಾಡಿಕೊಳ್ಳುವವರು ಇನ್ನೂ ಇದ್ದಾರೆ ಅಂತ ನನಗೆ ತಿಳಿದಿರಲಿಲ್ಲ! ಅದು ತಾನಾಗಿ ಹೂ ಬಿಟ್ಟದ್ದು ಕೊನೆಯ ಸಲ ವರದಿಯಾದದ್ದು 1964ರಲ್ಲಿ. ತನ್ನೊಳಗೇ ಜಿಬ್ಬರೆಲಿನ್ ತಯಾರಿಸುವ ವಂಶವಾಹಿ ಅದರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತ 2016ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ಹೊರಗಿನಿಂದ ಜಿಎ ಸಿಂಪಡಿಸಿದಾಗ ಹೂ ಬಂತು ಅನ್ನುವುದೂ ಅದರಲ್ಲೇ ಇದೆ, ಹುಡುಗಿ ಓದಿದ್ದು ಆ ಒಂದು ಸಾಲನ್ನು. ಆದರೆ ಅದು ಪ್ರಯೋಗಾಲಯದವರು ತೂಗಿ ಅಳೆದು ಮಾಡಿದ ಕೆಲಸ. ಬಾತ್‌ರೂಮಿನ ಬಾಟಲಿಯಲ್ಲಿರುವ ಬಳ್ಳಿಗೆ ಕಾಫಿ ಚಮಚದಲ್ಲಿ ಮಾಡುವುದಲ್ಲ.

ಪೀಸ್ ಲಿಲಿ ಇಟ್ಟುಕೊಂಡವರು ಮೊದಲು ನೋಡಬೇಕಾದ್ದು ಜಾಗ. ಹಗಲು ಹನ್ನೊಂದು ಗಂಟೆಗೆ ಲೈಟ್ ಹಾಕದೆ, ಗಿಡ ಇರುವಲ್ಲೇ ಕೂತು ಪೇಪರ್ ಓದಲಿಕ್ಕೆ ಆಗುತ್ತದಾ? ಆಗದಿದ್ದರೆ ಅಲ್ಲಿ ಎಲೆ ಬದುಕುತ್ತದೆ, ಹೂ ಬರುವುದಿಲ್ಲ, ಏನು ಹಾಕಿದರೂ ಅಷ್ಟೇ. ಮೂಡಣ ಕಿಟಕಿಯ ಪಕ್ಕ, ತೆಳು ಪರದೆಯ ಹಿಂದೆ ಒಳ್ಳೆಯ ಜಾಗ. ಬದಲಿಸುವುದಾದರೆ ವಾರಕ್ಕೆ ಎರಡಡಿಯಂತೆ ಸರಿಸಿ. ಮರಿ ಗಿಡವಾದರೆ ಬಲಿಯಲಿಕ್ಕೆ ಒಂದು ವರ್ಷವಾದರೂ ಕೊಡಿ. ಗೊಬ್ಬರ ಹಾಕಿ ಕೆಡಿಸಿಕೊಂಡಿದ್ದರೆ, ಅಡಿಯ ತೂತಿನಿಂದ ಧಾರಾಳವಾಗಿ ಹರಿದುಹೋಗುವಷ್ಟು ಒಳ್ಳೆಯ ನೀರು ಹೊಯ್ದು ಉಪ್ಪು ತೊಳೆಯಿರಿ. ಇಷ್ಟಾಗಿಯೂ ಮನೆಯಲ್ಲಿ ಬರುವುದು ವರ್ಷಕ್ಕೆ ಎರಡೋ ಮೂರೋ ಹೂ. ನರ್ಸರಿಯ ಐದು ಹೂವಿನ ಜೊತೆ ಅದನ್ನು ಹೋಲಿಸಬೇಡಿ.

ಮಕ್ಕಳು, ಬೆಕ್ಕು ಇರುವ ಮನೆಯವರಿಗೆ ಇನ್ನೊಂದು: ಕೆಸುವಿನ ಹಾಗೆಯೇ ಇದರ ಎಲೆ, ತೊಟ್ಟಿನಲ್ಲೂ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಬಾಯಿಗೆ ಹಾಕಿದರೆ ನಾಲಿಗೆ, ಗಂಟಲು ತುರಿಸಿ ಊದಿಕೊಳ್ಳುತ್ತದೆ. ನನ್ನ ಜೋತುಬಿದ್ದ ಎಲೆಗಳು ಸರಿಯಾಗಿ ಮಗುವಿನ ಕೈಗೆಟುಕುವ ಎತ್ತರದಲ್ಲಿದ್ದವು.

ಮಿಕ್ಕ ಪುಡಿಯನ್ನು ದಸರೆಗೆ ಬಂದಾಗ ತಂಗಿಯ ಯಜಮಾನರ ಕೈಗೇ ವಾಪಸ್ ಕೊಟ್ಟೆ. ಪೊಟ್ಟಣ ಹಿಡಿದು ತೂಗಿ ನೋಡಿ, "ಎಷ್ಟ ಹಾಕಿದ್ರೀ ಅಕ್ಕಾರ?" ಅಂತ ಕೇಳಿದರು. ನಾನು ಚಮಚ ತೋರಿಸಿದೆ. ಒಳಗಿನಿಂದ ಅತ್ತೆ ಬಂದು, "ಯಾವ ಚಮಚ? ಇದಾ?" ಅಂದರು. ಆ ಚಮಚ ಈಗ ಕುಂಡದ ಮಣ್ಣು ಕೆದಕಲಿಕ್ಕಿದೆ.